ಅಕ್ಕನ ಯುಕುಲೇಲೆ

ನನ್ನ ಸೋದರಮಾವ ಕಾರುಗಳಿಗೆ ಬಣ್ಣ ಹೊಡೆಯುವವನು. ಹೊಸ ಕಾರುಗಳಿಗಲ್ಲ, ಗುದ್ದಿಸಿಕೊಂಡು, ಗೀಚಿಸಿಕೊಂಡು, ಗೇಟಿಗೆ ಮೈ ಉಜ್ಜಿಕೊಂಡು ಬಂದ ಕಾರುಗಳಿಗೆ. ಹತ್ತು ವರ್ಷ ಬಿಸಿಲಲ್ಲಿ ನಿಂತು ಮಾಸಿದ ಕೆಂಪು ಕಾರಿಗೆ ಡಬ್ಬದ ಮೇಲಿನ ನಂಬರ್ ನೋಡಿ ಕೆಂಪು ಹೊಡೆದರೆ ಆ ಒಂದು ಬಾಗಿಲು ಮಾತ್ರ ಮದುಮಗಳಂತೆ ಎದ್ದು ಕಾಣುತ್ತದೆ. ಮಾವ ಹಾಗಾಗಲು ಬಿಡುವುದಿಲ್ಲ. ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ ಎಂದು ಕಣ್ಣಿನಲ್ಲೇ ಅಳೆದು ಕಲಸುತ್ತಾನೆ. ಗ್ಯಾರೇಜಿನಲ್ಲಿ ಅವನ ಹೆಸರೇ ಕಣ್ಣಳತೆ. ಕಾರಿನ ಯಜಮಾನ ಬಂದು ಎರಡು ಸುತ್ತು ಹಾಕಿ, ಬಗ್ಗಿ ನೋಡಿ, "ಪೆಟ್ಟು ಬಿದ್ದಿದ್ದು ಎಲ್ಲಿ?" ಎಂದು ಕೇಳಿದರೆ ಮಾವನಿಗೆ ಅದೇ ಬಹುಮಾನ. ಅವತ್ತು ಮನೆಗೆ ಬಂದು ಎರಡು ಲೋಟ ಟೀ ಕುಡಿಯುತ್ತಾನೆ.

ಮನೆ ಅಂದರೆ ನಮ್ಮದೇ. ಮಾವ ಮದುವೆಯಾಗಲಿಲ್ಲ. ನಮ್ಮ ಮೇಲಿನ ಕೋಣೆಯಲ್ಲಿ ಮಲಗುತ್ತಾನೆ, ಊಟ ಕೆಳಗೆ ನಮ್ಮೊಂದಿಗೆ. ಅವನಿಗೆ ಐವತ್ತನಾಲ್ಕು, ಅರ್ಧ ತಲೆ ನೆರೆತಿದೆ, ಆದರೂ ಅಮ್ಮನ ಬಾಯಲ್ಲಿ ಅವನು ಇನ್ನೂ 'ಪುಟ್ಟ'. ಅವರ ತಾಯಿ ತೀರಿಕೊಂಡಾಗ ಮಾವನಿಗೆ ಆರು ವರ್ಷ, ಅಮ್ಮನಿಗೆ ಹದಿನಾಲ್ಕು. ಅವನನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಕೆಲಸಕ್ಕೆ ಸೇರಿಸಿದವಳು ಅಮ್ಮನೇ.

ಅಮ್ಮ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದಳು. ಕೋಣೆಯಷ್ಟು ದೊಡ್ಡ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಗುಡುಗುತ್ತಿದ್ದವು. ಅವು ಅವಳ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದು ಹಾಕಿದವು. ಮೊದಲು ಕರೆಗಂಟೆ ಕೇಳದಾಯಿತು, ಆಮೇಲೆ ಕುಕ್ಕರಿನ ಸೀಟಿ. ಕಿವಿ ಡಾಕ್ಟರು ಪರೀಕ್ಷೆಯ ಕಾಗದದ ಮೇಲೆ ಇಳಿಜಾರಾದ ಒಂದು ಗೆರೆ ತೋರಿಸಿ, "ಇದು ಇನ್ನೂ ಇಳೀತಾ ಹೋಗುತ್ತೆ ಅಮ್ಮಾ, ಕಿವಿಗೆ ಮೆಷಿನ್ ಹಾಕ್ಕೊಳ್ಳಿ, ಆದರೆ ಗೆರೆ ಮಾತ್ರ ಮೇಲಕ್ಕೆ ಹತ್ತಲ್ಲ" ಎಂದರು. ಅಮ್ಮ ಹೊರಗೆ ಬಂದು, "ಒಳ್ಳೇದಾಯ್ತು ಬಿಡು, ಇನ್ನು ಪುಟ್ಟನ ಗೊರಕೆ ಕೇಳೋದು ತಪ್ಪಿತು" ಎಂದು ನಕ್ಕಳು. ಬಸ್ಸಿನಲ್ಲಿ ಮಾತ್ರ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಅವಳು ನಿವೃತ್ತಳಾದ ದಿನ ಜೊತೆ ಕೆಲಸದವರು ಕೊಟ್ಟ ಉಡುಗೊರೆಯನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿದೆವು. ಡಬ್ಬದ ಮೇಲೆ ಚೆಂದದ ಪುಟ್ಟ ಯುಕುಲೇಲೆಯ ಚಿತ್ರ, ಗಿಟಾರಿನ ತಂಗಿಯಂಥದ್ದು. ಒಳಗೆ ನೋಡಿದರೆ ಬಣ್ಣವಿಲ್ಲದ ಒಂದು ಮರದ ಒಡಲು, ಬೇರೆಯೇ ಬಿದ್ದಿರುವ ಕುತ್ತಿಗೆ, ತಂತಿ ಬಿಗಿಯುವ ನಾಲ್ಕು ಬಿರಟೆ, ಸುತ್ತಿಟ್ಟ ತಂತಿಗಳು, ಒಂದು ಪುಡಿಕೆಯಲ್ಲಿ ಸ್ಕ್ರೂಗಳು, ಒಂದು ತುಂಡು ಮರಳು ಕಾಗದ.

"ಮುರಿದು ಹೋಗಿದೆಯಲ್ಲೇ!" ಎಂದಳು ಅಮ್ಮ.

"ಮುರಿದಿಲ್ಲಮ್ಮ, ನಾವೇ ಜೋಡಿಸ್ಕೊಂಡು ಬಣ್ಣ ಹಚ್ಕೋಬೇಕು. ಕಿಟ್ ಇದು. ಅವರು ಚಿತ್ರ ನೋಡಿ ತಗೊಂಡು ಬಿಟ್ಟಿದಾರೆ."

ಮಾವ ಅಷ್ಟರಲ್ಲಿ ಆ ಒಡಲನ್ನು ಕೈಗೆತ್ತಿಕೊಂಡು, ಕಾರಿನ ಬಾನೆಟ್ ಸವರುವ ಹಾಗೆ ಸವರುತ್ತಿದ್ದ. "ಅಕ್ಕ, ಇದನ್ನ ನನಗೆ ಬಿಡು. ಒಂದೇ ಒಂದು ಡೆಂಟ್ ಇಲ್ಲ. ಇಂಥ ಮಾಲು ನನ್ನ ಕೈಗೆ ಎಂದೂ ಬಂದಿಲ್ಲ."

"ಯಾವ ಬಣ್ಣ ಹೊಡೀತೀಯೋ?"

"ನೀನೇ ಹೇಳು."

"ನಿನಗೆ ಯಾವುದು ಇಷ್ಟಾನೋ ಅದು."

ಮಾವ ಸವರುವುದನ್ನು ಬಿಟ್ಟು ಅಕ್ಕನ ಮುಖ ನೋಡಿದ. ಮೂವತ್ತೆಂಟು ವರ್ಷದಲ್ಲಿ ಯಾರೂ ಅವನನ್ನು ಆ ಮಾತು ಕೇಳಿರಲಿಲ್ಲ. ಅವನ ಹತ್ತಿರ ಬರುವ ಪ್ರತಿಯೊಂದು ಕಾರೂ ತನ್ನ ಬಣ್ಣವನ್ನು ತಾನೇ ಹೊತ್ತು ತರುತ್ತಿತ್ತು.

ಮರುದಿನದಿಂದ ಬಾಲ್ಕನಿಯೇ ಕಾರ್ಖಾನೆಯಾಯಿತು. ಕುತ್ತಿಗೆಗೂ ಒಡಲಿಗೂ ಅಂಟು ಹಚ್ಚಿ, ಸೈಕಲ್ ಟ್ಯೂಬಿನ ತುಂಡುಗಳಿಂದ ಬಿಗಿದು ಕಟ್ಟಿ, ಒಂದು ಇಡೀ ದಿನ ಯಾರೂ ಆ ಕಡೆ ಸುಳಿಯದ ಹಾಗೆ ಕಾವಲು ಕೂತ. ಆಮೇಲೆ ಉಜ್ಜಿದ. ಮರದ ಸಣ್ಣ ಸಣ್ಣ ರಂಧ್ರಗಳಿಗೆ ಪುಟ್ಟಿ ತುಂಬಿದ, ಮತ್ತೆ ಉಜ್ಜಿದ. ಅಲ್ಲಿಂದ ಮುಂದೆ ಅದನ್ನು ಚೀಲದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೊರಟವನು ನಾಲ್ಕು ದಿನ ಬಾಯಿ ಬಿಡಲಿಲ್ಲ. ಕೇಳಿದರೆ, "ನೋಡ್ತಾ ಇರಿ" ಎನ್ನುತ್ತಿದ್ದ.

ಐದನೆಯ ದಿನ ತಂದು ಮೇಜಿನ ಮೇಲಿಟ್ಟ. ನಾನು ಬೆರಗಾದೆ. ತಿಳಿ ಹಸಿರು, ಕನ್ನಡಿಯ ಹೊಳಪು, ಬಗ್ಗಿದರೆ ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು. ಏಳು ಪದರ ಹೊಡೆದಿದ್ದನಂತೆ. ತಂತಿಗಳನ್ನೂ ಕಟ್ಟಿ ತಂದಿದ್ದ.

"ಈ ಬಣ್ಣ ಗುರುತು ಸಿಕ್ತಾ ಅಕ್ಕ? ನಿನ್ನ ಯೂನಿಫಾರ್ಮ್! ನಿನ್ನ ಕೋಟನ್ನೇ ಪಕ್ಕದಲ್ಲಿಟ್ಕೊಂಡು ಕಲಸಿದ್ದು. ಮೂವತ್ತೊಂದು ವರ್ಷ ಹಾಕ್ಕೊಂಡಿದ್ಯಲ್ಲ!"

ಅಮ್ಮನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. "ತುಂಬಾ ಚೆನ್ನಾಗಿದೆ ಕಣೋ" ಎಂದಳು. ಎತ್ತಿ ಎದೆಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ನಾಲ್ಕೂ ತಂತಿಗಳನ್ನು ಒಮ್ಮೆ ಸವರಿದಳು. ಇನ್ನೊಮ್ಮೆ ಸವರಿದಳು. ಹಿಂಬದಿಗೆ ಅಂಗೈ ಕೊಟ್ಟು ಮತ್ತೆ ಮೀಟಿದಳು.

"ಪುಟ್ಟ, ಇದು ಮಾತಾಡ್ತಿಲ್ಲ."

"ನಿನಗೆ ಕೇಳಿಸ್ತಿಲ್ಲ ಅಷ್ಟೇ ಅಕ್ಕ," ಎಂದುಬಿಟ್ಟ ಮಾವ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಮ್ಮ ಸಿಟ್ಟಾಗಲಿಲ್ಲ. "ನನ್ನ ಕಿವಿ ಹೋಗಿದೆ, ಕೈ ಹೋಗಿಲ್ಲ. ಮೂವತ್ತೊಂದು ವರ್ಷ ಯಂತ್ರದ ಮೇಲೆ ಕೈ ಇಟ್ಟು ಅದು ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳ್ತಿದ್ದೆ. ಇದು ನಡುಗ್ತಾನೇ ಇಲ್ಲ. ರಟ್ಟಿನ ಡಬ್ಬ ಹಿಡ್ಕೊಂಡ ಹಾಗಿದೆ."

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಕಿವಿ ಸರಿಯಾಗಿದೆ, ಸುಳ್ಳು ಹೇಳುವ ಹಾಗಿರಲಿಲ್ಲ. ತಂತಿ ಮೀಟಿದರೆ ಒಳಗೆ ಯಾರೋ ಹೊದ್ದು ಮಲಗಿ ಗೊಣಗಿದ ಹಾಗೆ ಕೇಳುತ್ತಿತ್ತು. "ಸ್ವಲ್ಪ ಮಂಕು ಮಾವ," ಎಂದೆ.

ಮಾವ ಮಹಡಿ ಹತ್ತಿದ. ಆ ವಾರವೆಲ್ಲ ಮುಖ ಊದಿಸಿಕೊಂಡು ಓಡಾಡಿದ. ಊಟಕ್ಕೆ ಇಳಿದು ಬರುತ್ತಿದ್ದ, ತಟ್ಟೆ ನೋಡಿಕೊಂಡೇ ಉಂಡು ಹೋಗುತ್ತಿದ್ದ. ಕಾರಿನ ಯಜಮಾನರು ಹುಡುಕಿದರೂ ತಪ್ಪು ಸಿಗದ ಕೆಲಸ ಮಾಡಿದವನಿಗೆ, ತನ್ನ ಅತ್ಯುತ್ತಮ ಕೆಲಸದಲ್ಲಿ ಸ್ವಂತ ಅಕ್ಕನೇ ತಪ್ಪು ಹಿಡಿದದ್ದನ್ನು ಅರಗಿಸಿಕೊಳ್ಳಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅವನೇ ಇಳಿದು ಬಂದ. ಶನಿವಾರ ಕೆಲಸ ಮುಗಿಸಿ ಒಂದು ವಾದ್ಯದ ಅಂಗಡಿಗೆ ಹೋಗಿದ್ದನಂತೆ. ಅಂಗಡಿಯವನು ಒಂದು ಯುಕುಲೇಲೆ ಕೈಗೆ ಕೊಟ್ಟು ಮೀಟಲು ಹೇಳಿದನಂತೆ.

"ಅಕ್ಕ, ಅದರ ಹೊಟ್ಟೆಯೆಲ್ಲಾ ಜುಂ ಅಂತ ನಡುಗುತ್ತೆ. ಮುಂದಿನ ಹಲಗೆ ಒಂದು ಬಿಸ್ಕತ್ತಿನಷ್ಟೂ ದಪ್ಪ ಇಲ್ಲ. ಅದರ ಮೇಲೆ ನಾನು ಪುಟ್ಟಿ ಮೆತ್ತಿ, ಏಳು ಪದರ ಹೊಡೆದು, ಉಸಿರು ಕಟ್ಟಿಸಿಟ್ಟಿದೀನಿ." ಹಸಿರು ಯುಕುಲೇಲೆಯನ್ನು ಅಕ್ಕನ ಮುಂದೆ ಇಟ್ಟು, "ನೀನು ಹೇಳಿದ್ದೇ ಸರಿ," ಎಂದ.

ಅಮ್ಮ ಹಳೆ ಬೆಡ್‌ಶೀಟು ತಂದು ಬಾಲ್ಕನಿಯಲ್ಲಿ ಹಾಸಿದಳು. ತಂತಿ ಬಿಚ್ಚಿದರು. ಮಾವ ಒಂದು ಮರಳು ಕಾಗದ ತಾನು ಹಿಡಿದು, ಇನ್ನೊಂದನ್ನು ಅಕ್ಕನ ಕೈಗೆ ಕೊಟ್ಟ. ತಾನೇ ಹೊಡೆದ ಏಳು ಪದರಗಳನ್ನು ತಾನೇ ಉಜ್ಜಿ ತೆಗೆಯುವುದು ಅವನಿಗೆ ಎಷ್ಟು ಸಂಕಟವಾಯಿತೋ, ಅವನ ತುಟಿ ನೋಡಿದರೆ ಗೊತ್ತಾಗುತ್ತಿತ್ತು. ಇಬ್ಬರ ಮೊಣಕಾಲ ಮೇಲೂ ಹಸಿರು ಪುಡಿ ಬೀಳುತ್ತಾ ಹೋಯಿತು.

ಅರ್ಧ ಮುಗಿದಾಗ ಅಮ್ಮ ಅಂದಳು, "ಈಗ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಬಣ್ಣ ಹೋಗಿದ್ದು ಒಳ್ಳೇದೇ ಆಯ್ತು. ಆ ಕೋಟನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ ಕಣೋ."

"ಅಯ್ಯೋ! ಮತ್ತೆ ಚೆನ್ನಾಗಿದೆ ಅಂದ್ಯಲ್ಲ?"

"ಒಂದೇ ದಿನ ಎರಡು ತಪ್ಪು ಹೇಗೆ ಹೇಳಲಿ ನಿನಗೆ?"

ಮಾವ ಹೊಟ್ಟೆ ಹಿಡಿದು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೇಳಿದ, "ಅಲ್ಲ ಅಕ್ಕ, ನಿನಗೆ ವಾದ್ಯದ ಹುಚ್ಚು ಇದೆ ಅಂತ ಅವರಿಗೆ ಹೇಗೆ ಗೊತ್ತು? ನನಗೇ ಗೊತ್ತಿರಲಿಲ್ಲವಲ್ಲ."

ಅಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಟೀ ಕುಡಿಯೋವಾಗ ಎಂದೋ ಹೇಳಿದ್ದೆ. ಶಾಲೇಲಿ ಶುಕ್ರವಾರ ಒಂದು ಸಂಗೀತದ ಕ್ಲಾಸಿತ್ತು. ಮೇಡಂ ಒಬ್ಬರು ಬರೋರು, ಒಂದೊಂದು ವಾದ್ಯ ತರೋರು. ಸರದಿ ಪ್ರಕಾರ ಒಬ್ಬೊಬ್ಬರ ಕೈಗೆ ಕೊಡೋರು. ನನ್ನ ಸರದಿ ಮುಂದಿನ ಶುಕ್ರವಾರ ಇತ್ತು. ಅಷ್ಟರಲ್ಲಿ ಅಮ್ಮ ಹೋದಳು. ನಾನು ಶಾಲೆ ಬಿಟ್ಟೆ."

ಮಾವನ ಕೈ ನಿಂತಿತು. ಅಕ್ಕ ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಅಮ್ಮನೇ ಹಾಗೆ ಹೇಳಿಕೊಂಡು ಬಂದಿದ್ದಳು.

"ನನ್ನ ನೋಡ್ಕೊಳ್ಳೋಕೆ ಬಿಟ್ಟಿದ್ದಾ?"

"ಮತ್ತೆ? ಇಷ್ಟಿದ್ದೆ ನೀನು." ಅಮ್ಮ ಕೈಯನ್ನು ನೆಲದಿಂದ ಮೂರು ಅಡಿ ಎತ್ತರಕ್ಕೆ ಹಿಡಿದು ತೋರಿಸಿದಳು. "ರಾತ್ರಿ ಒಂದು, ಹಗಲು ಒಂದು ಚಡ್ಡಿ ಒದ್ದೆ ಮಾಡ್ಕೋತಿದ್ದೆ. ಉಜ್ಜು, ಉಜ್ಜು. ಆ ಮೂಲೇಲಿ ಇನ್ನೂ ಹಸಿರಿದೆ."

ಮಾವ ತಲೆ ತಗ್ಗಿಸಿ ಆ ಮೂಲೆಯನ್ನೇ ಉಜ್ಜಿದ. ಹಸಿರು ಹೋದ ಮೇಲೂ ಬಹಳ ಹೊತ್ತು ಉಜ್ಜುತ್ತಲೇ ಇದ್ದ. ನಾನು ಒಳಗೆ ಹೋಗಿ ಟೀಗೆ ನೀರಿಟ್ಟೆ.

ಎರಡನೆಯ ಸಲ ಬಣ್ಣದ ಮಾತು ಬಂದಾಗ ಅಮ್ಮ ಹಟ ಹಿಡಿದಳು. "ನನ್ನ ಕೋಟು, ಬಾಗಿಲು, ಕಿಟಕಿ ಯಾವುದನ್ನೂ ಪಕ್ಕದಲ್ಲಿಟ್ಕೋಬೇಡ. ನಿನ್ನ ಕಣ್ಣ ಮುಂದೆ ಯಾವ ಕಾರೂ ಇಲ್ಲ ಅಂದ್ಕೋ. ನಿನಗೆ ಬೇಕಾದ ಬಣ್ಣ ಕಲಸು."

ಅವನಿಗೆ ಅದು ಹತ್ತು ದಿನದ ಕೆಲಸವಾಯಿತು. ಮರದ ಚೂರುಗಳ ಮೇಲೆ ಹಚ್ಚಿ ಹಚ್ಚಿ ಬಾಲ್ಕನಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡುತ್ತಿದ್ದ, ಸಂಜೆ ಬಂದು ಚಪ್ಪಲಿ ಬಿಡುವ ಮೊದಲು ನೋಡುತ್ತಿದ್ದ. ಒಂದು ತುಂಡು ಎತ್ತಿಕೊಂಡು, "ಇದು ಯಾರದ್ದೋ ಕಾರಿನ ಬಣ್ಣ," ಎಂದು ಬಿಸಾಡುತ್ತಿದ್ದ. ಕೊನೆಗೆ ಒಂದು ಬಣ್ಣ ನಿಂತಿತು. ಹಳದಿ ಎನ್ನಲಾಗದು, ಇಟ್ಟಿಗೆ ಬಣ್ಣವೂ ಅಲ್ಲ. ಬೆಳಗಿನ ಬಿಸಿಲು ನಮ್ಮ ಮೆಟ್ಟಿಲ ಗೋಡೆಗೆ ಬಿದ್ದಾಗ ಒಂದು ಗಳಿಗೆ ಹಾಗಿರುತ್ತದೆ ಎಂದು ನನಗನ್ನಿಸಿತು. ಮಾವನನ್ನು ಕೇಳಿದರೆ, "ಗೊತ್ತಿಲ್ಲ, ಇದನ್ನ ನೋಡಿದ್ರೆ ಹಸಿವಾಗುತ್ತೆ," ಎಂದ.

ಈ ಸಲ ಪುಟ್ಟಿಯಿಲ್ಲ, ಬಣ್ಣ ಚಿಮ್ಮಿಸುವ ಕಂಪ್ರೆಸರ್ ಇಲ್ಲ. ನೀರಿನಂತೆ ತೆಳುವಾಗಿ ಕಲಸಿ, ಬಟ್ಟೆಯಲ್ಲಿ ಅದ್ದಿ ಒರೆಸಿದ. ಬಣ್ಣದ ಕೆಳಗೆ ಮರದ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಮುಂಭಾಗ ಮುಗಿದಾಗ ಅಮ್ಮ ಕೈ ಚಾಚಿದಳು.

"ಹಿಂಭಾಗ ನಾನು ಬಳೀತೀನಿ."

"ನೀನಾ?"

"ಯಾಕೆ, ನನ್ನದಲ್ವಾ ಇದು?"

ಮಾವ ಬಟ್ಟೆ ಕೊಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತ. ಅಮ್ಮ ಹಾಸಿಗೆ ಬಟ್ಟೆ ಒಗೆಯುವ ರಭಸದಲ್ಲೇ ಒರೆಸಿದಳು. ಒಂದು ಕಡೆ ದಟ್ಟ, ಒಂದು ಕಡೆ ತೆಳು, ಅಂಚಿನಲ್ಲಿ ಒಂದು ಹನಿ ಇಳಿದು ಕುತ್ತಿಗೆಯವರೆಗೂ ಹೋಯಿತು. ಮಾವ ಮುಖ ಕಿವುಚಿಕೊಂಡು ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ.

"ಆ ಹನಿ ಒಂದನ್ನ ಮಾತ್ರ ಸರಿ ಮಾಡ್ಲಾ ಅಕ್ಕ?"

"ಮುಟ್ಟಿದ್ರೆ ನೋಡು."

ಅವನು ಮುಟ್ಟಲಿಲ್ಲ.

ಒಣಗಿದ ಮೇಲೆ, ಉಜ್ಜುವಾಗ ಕಿತ್ತಿಟ್ಟಿದ್ದ ತಂತಿ ಹಿಡಿದಿಡುವ ಮರದ ಪಟ್ಟಿಯನ್ನು ಮತ್ತೆ ಅಂಟಿಸಬೇಕಿತ್ತು. ಅದು ಒಂದು ಕೂದಲಷ್ಟು ಆಚೀಚೆಯಾದರೂ ಸ್ವರ ತಪ್ಪುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಕಣ್ಣಳತೆಯವನು ಮೊದಲ ಬಾರಿಗೆ ನನ್ನ ಹತ್ತಿರ ಸ್ಕೇಲು ಕೇಳಿ ಇಸಿದುಕೊಂಡು ಮೂರು ಸಲ ಅಳೆದ. ಮರುದಿನ ಮಧ್ಯಾಹ್ನ ತಂತಿ ಕಟ್ಟಿ ಅಕ್ಕನ ಕೈಗೆ ಕೊಟ್ಟ.

ಅಮ್ಮ ಮೀಟಿದಳು. ಆ ಸಣ್ಣ ಮನೆಯೊಳಗೆ ನಾಲ್ಕು ಸ್ವರ ಒಟ್ಟಿಗೆ ಹೊರಟು ಪಾತ್ರೆಗಳವರೆಗೂ ಹೋಗಿ ಬಂದವು. ಅಮ್ಮ ಮಾತ್ರ ಕಣ್ಣು ಮುಚ್ಚಿ, ಅದನ್ನು ಎದೆಗೆ ಇನ್ನಷ್ಟು ಅವುಚಿಕೊಂಡು, "ಬಂತು," ಎಂದಳು. "ಇಲ್ಲಿ ಬಂತು ಕಣೋ."

ಇದೆಲ್ಲ ಆಗಿ ಎರಡು ವರ್ಷವಾಯಿತು. ಡಾಕ್ಟರು ತೋರಿಸಿದ ಆ ಗೆರೆ ಅವರು ಹೇಳಿದ ಹಾಗೆಯೇ ಇಳಿಯುತ್ತಾ ಬಂದಿದೆ. ಈಗ ಅಮ್ಮನೊಂದಿಗೆ ಎದುರು ನಿಂತು, ತುಟಿ ಕಾಣುವಂತೆ ಮಾತಾಡಬೇಕು. ಆದರೂ ಅವಳು ಮೂರು ಹಾಡು ಪೂರ್ತಿ ಕಲಿತಿದ್ದಾಳೆ, ನಾಲ್ಕನೆಯದು ಅರ್ಧವಾಗಿದೆ. ಆ ತಂತಿಗಳು ನೈಲಾನಿನವು, ದಿನಕ್ಕಿಷ್ಟು ಸಡಿಲವಾಗುತ್ತವೆ, ನುಡಿಸುವ ಮೊದಲು ಶ್ರುತಿ ಮಾಡಲೇಬೇಕು. ಅದಕ್ಕೆಂದೇ ಫೋನಿನಲ್ಲಿ ಒಂದು ಆ್ಯಪ್ ಇದೆ, ಮುಳ್ಳು ನೋಡಿಕೊಂಡು ಬಿರಟೆ ತಿರುಗಿಸಿದರಾಯಿತು. ನಾನೇ ಹಾಕಿಕೊಟ್ಟೆ. ಅಮ್ಮ ಅದನ್ನು ಒಂದು ದಿನವೂ ತೆರೆದಿಲ್ಲ.

ಮಾವ ಕೆಲಸದಿಂದ ಬರುವವರೆಗೆ ಕಾಯುತ್ತಾಳೆ. ವಾದ್ಯದ ಅಂಗಡಿಯವನ ಹತ್ತಿರ ಕೇಳಿ ಕೇಳಿ ನಾಲ್ಕೂ ಸ್ವರಗಳನ್ನು ಕಿವಿಯಲ್ಲಿ ಇಟ್ಟುಕೊಂಡಿರುವ ಅವನು ಕೈಕಾಲು ತೊಳೆದು ಬಂದು ಅವಳ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಅವಳು ಒಂದು ತಂತಿ ಮೀಟಿ ಅವನ ಮುಖ ನೋಡುತ್ತಾಳೆ. ಅವನು ತೋರುಬೆರಳನ್ನು ಮೇಲಕ್ಕೆ ಎತ್ತುತ್ತಾನೆ, ಅವಳು ಬಿರಟೆ ಬಿಗಿಯುತ್ತಾಳೆ. ಬೆರಳು ಕೆಳಗೆ ಇಳಿಯುತ್ತದೆ, ಅವಳು ಒಂದಿಷ್ಟು ಸಡಿಲಿಸುತ್ತಾಳೆ. ಸರಿಯಾದಾಗ ಮಾವ ಅಂಗೈಯನ್ನು ಗಾಳಿಯಲ್ಲಿ ಸಮನಾಗಿ ಹಿಡಿಯುತ್ತಾನೆ. ಆಮೇಲೆ ಮುಂದಿನ ತಂತಿ.