ನದಿಯಾಚೆ ಹಾರಿದ ವಿಮಾನಗಳು

ಬೀದಿಯವರೆಲ್ಲ ಆಕೆಯನ್ನು ಜೋಗುಳದಕ್ಕ ಎನ್ನುತ್ತಿದ್ದರು. ಬಾಡಿಗೆ ಮನೆಯ ನೆಲಮಹಡಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಎಂಥ ಹಟಮಾರಿ ಮಗುವೂ ಅವಳ ತೊಡೆಯೇರಿದರೆ ತೆಪ್ಪಗೆ ಕಣ್ಣು ಮುಚ್ಚುತ್ತಿತ್ತು. ಗಂಡನನ್ನು ಮಾತ್ರ ಮಲಗಿಸುವ ಗೋಜಿಲ್ಲ, ಅವನು ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ ಎಂದು ನಗುತ್ತಿದ್ದಳು. ಮಧ್ಯಾಹ್ನ ಮಕ್ಕಳನ್ನು ತಟ್ಟಿ ಮಲಗಿಸಲು ಮಹಡಿಮನೆಯ ದೊಡ್ಡಮ್ಮ ತಾವಾಗಿಯೇ ಇಳಿದು ಬರುತ್ತಿದ್ದರು. ರಕ್ತಸಂಬಂಧವೇನಲ್ಲ, ಕರೆದು ಕರೆದು ದೊಡ್ಡಮ್ಮನಾದವರು.

ಹಳೆಯ ಯುದ್ಧದಲ್ಲಿ ಮಡಿದ ವೈಮಾನಿಕರ ನೆನಪಿಗೆ ಆ ಕಾಲದ ಮೂರು ವಿಮಾನಗಳನ್ನು ಊರ ಮೇಲೆ ಹಾರಿಸುವುದೆಂದು ನಗರಸಭೆ ಗೊತ್ತುಮಾಡಿತ್ತು. ತಾಲೀಮಿನ ದಿನ ಅವು ಮಾಳಿಗೆ ಸವರಿದಂತೆ ಗುಡುಗಿಕೊಂಡು ಹೋದವು. ಮಲಗಿದ್ದ ಮಕ್ಕಳೆಲ್ಲ ಕಿಟಾರನೆ ಕಿರುಚಿ ಎದ್ದವು. ಒಂದು ಮಗುವಂತೂ ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಯಿತು. ದೊಡ್ಡಮ್ಮ ಎತ್ತಿಕೊಂಡು ಬೆನ್ನು ನೀವಿದರು. ಜೋಗುಳದಕ್ಕನ ಪಿತ್ತ ನೆತ್ತಿಗೇರಿತು. ನಗರಸಭೆಗೆ ಫೋನು ಮಾಡಿ ಜಾಡಿಸಿದಳು, ತಾಯಂದಿರಿಂದಲೂ ಮಾಡಿಸಿದಳು. ಹಾರಾಟ ನದಿಯಾಚೆಗೆ ಸರಿಯಿತು.

ಹಾರಾಟದ ದಿನ ಬೆಳಿಗ್ಗೆ ದೊಡ್ಡಮ್ಮ ಮಂಡಿ ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ಎಲ್ಲಿಗೆ ದೊಡ್ಡಮ್ಮ, ಈ ಕಾಲಲ್ಲಿ?"

"ನಮ್ಮಣ್ಣ ಅಂಥ ವಿಮಾನದಲ್ಲೇ ಹೋಗಿದ್ದು ಕಣೇ. ಹೋದವನು ಬರ್ಲೇ ಇಲ್ಲ. ನಾನಾಗ ಇನ್ನೂ ಇಷ್ಟುದ್ದ. ಮೊನ್ನೆ ತಲೆ ಮೇಲೇ ಹೋಯ್ತಲ್ಲ, ಇವತ್ತು ಕಣ್ತುಂಬ ನೋಡೋಣ ಅಂತ."

ಜೋಗುಳದಕ್ಕ ಒಳಗೋಡಿ ಮತ್ತೆ ನಗರಸಭೆಗೆ ಫೋನು ಹಚ್ಚಿದಳು.

"ಬೇಡ ಅಂದಿದ್ದು ನೀವೇ ಅಲ್ವೇನಮ್ಮ?" ಎಂದ ಗುಮಾಸ್ತ. "ವಿಮಾನ ಆಗ್ಲೇ ಹೊರಟಾಯ್ತು."

ಕುರ್ಚಿಯೊಂದನ್ನು ಹೊತ್ತು ಮಾಳಿಗೆಗೆ ಹೋದಳು. ನದಿಯಾಚೆ ಮೂರು ಚುಕ್ಕೆಗಳು ಸರಿಯುತ್ತಿದ್ದವು. ಸದ್ದೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಅದೇನಾ? ಯಾಕೆ ಅಷ್ಟು ದೂರ ಹೋದ್ವು?" ಎಂದರು ದೊಡ್ಡಮ್ಮ, ಹಣೆಗೆ ಕೈ ಅಡ್ಡ ಹಿಡಿದು.

ನಗರಸಭೆಯವರ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನನ್ನಿಂದಾನೇ ದೊಡ್ಡಮ್ಮ. ಮಕ್ಕಳು ಹೆದರ್ತಾರೆ ಅಂತ ದೂರು ಕೊಟ್ಟೆ. ನಿಮ್ಮಣ್ಣನ ವಿಷಯ ಗೊತ್ತಿರ್ಲಿಲ್ಲ."

ಚುಕ್ಕೆಗಳು ಮರೆಯಾಗುವವರೆಗೂ ದೊಡ್ಡಮ್ಮ ಕೈ ಇಳಿಸಲಿಲ್ಲ.

"ನಾನೂ ಹೇಳಿರ್ಲಿಲ್ಲ ಬಿಡು. ಮಗು ನೀಲಿಯಾಗಿದ್ದು ಸುಳ್ಳಲ್ಲ," ಎಂದರು.

ನಾಲ್ಕು ಮಾತು ಬೈದಿದ್ದರೆ ಅವಳ ಜೀವ ಹಗುರಾಗುತ್ತಿತ್ತು.

ಅಂದು ಮಧ್ಯಾಹ್ನ ದೊಡ್ಡಮ್ಮ ಇಳಿದು ಬರಲಿಲ್ಲ, ಮಂಡಿನೋವು ಎಂದರು. ವಾರ ಕಳೆದು ಬಂದರು, ಎಂದಿನಂತೆ ಮಕ್ಕಳ ಪಕ್ಕ ಕೂತು ತಟ್ಟಿದರು.

"ನಿಮ್ಮಣ್ಣ ಹೇಗಿದ್ರು ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದಳು ಜೋಗುಳದಕ್ಕ.

"ಮೊದಲು ಇದು ಮಲಗ್ಲಿ," ಎಂದರು.

ಮಗು ಮಲಗಿತು. ದೊಡ್ಡಮ್ಮ ಪಕ್ಕದ ಮಗುವನ್ನು ತಟ್ಟತೊಡಗಿದರು. ಮತ್ತೆ ಕೇಳಲು ಜೋಗುಳದಕ್ಕನಿಗೆ ಮುಖವಿರಲಿಲ್ಲ.