ಕುಂಕುಮ ಹಚ್ಚಿದ ಗಾಜು

ಇವತ್ತು ನಮ್ಮ ಬೇಗಂ ಬಜಾರ್ ಮನೆಯ ಹಳೇ ಗೋಡೆಗೆ ಗಾರೆ ಮಾಡಲು ಸುಣ್ಣ ನೆನೆಹಾಕಿದ್ದಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಡ್ಡಿ ಹಾಕುವ ಹುಡುಗನಾದೆ.

ಆಗ ಅಡುಗೆಮನೆಯ ಕಮಾನು ಬಿರುಕು ಬಿಟ್ಟಿತ್ತು. ಅಪ್ಪ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, “ಇದು ಒಡೀತಂದ್ರ ಕಮಾನು ಕುಸಿಯಾಕತ್ತೈತಿ ಅಂತ ತಿಳ್ಕೋರಿ. ಎಲ್ಲಾರೂ ಹೊರಗ ಓಡ್ರಿ” ಎಂದಿದ್ದರು. ಮನೆ ಕಾಯುವ ಗಾಜು ದೇವರಿಗೆ ಸಮ ಅಂದುಕೊಂಡ ಅಜ್ಜಿ, ದಿನಾ ಸ್ಟೂಲ್ ಹತ್ತಿ ಅದಕ್ಕೆ ಅರಿಶಿನ ಕುಂಕುಮ ಮೆತ್ತುತ್ತಿದ್ದಳು.

ಒಂದು ಬೆಳಿಗ್ಗೆ ಮೇಲಿನಿಂದ ಮಣ್ಣು ಉದುರಿ ನನ್ನ ಚಹಾಕ್ಕೆ ಬಿತ್ತು. ಅಪ್ಪ ಗಾಜು ನೋಡಿದರೆ ಬರೀ ಕುಂಕುಮ.

“ಅವ್ವಾ, ಒಡದೈತೋ ಇಲ್ಲೋ ಹೆಂಗ ನೋಡ್ಲಿ?”

“ಹಸಿ ಅರಿವೀಲೆ ಒರಸೋ. ನನ್ನ ಮ್ಯಾಲ ಯಾಕ ಒದರ್ತಿ?”

ಅಪ್ಪ ಮೆಲ್ಲಗೆ ಒರೆಸಿದರು. ಗಾಜು ಎರಡು ತುಂಡಾಗಿತ್ತು.

“ಓಡ್ರಿ!”

ಓಡಿದೆವು. ಅಜ್ಜಿ ಮಾತ್ರ, “ತಡಿಯೋ, ರೊಟ್ಟಿ ಹೊತ್ತಾಕತ್ತೈತಿ” ಎಂದು ಒಲೆ ಬಿಟ್ಟು ಏಳಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡೇ ಹೊರಗೆ ಬಂದರು. ರೊಟ್ಟಿ ಅವಳ ಕೈಯಲ್ಲೇ ಇತ್ತು.

ಮಧ್ಯಾಹ್ನದೊಳಗೆ ಮರದ ಕಂಬ ಕೊಟ್ಟು ಕಮಾನು ಉಳಿಸಿದರು. ಇವತ್ತಿಗೂ ನಾವು ಅದರ ಕೆಳಗೇ ಉಣ್ಣುತ್ತೇವೆ. ನನ್ನ ತಟ್ಟೆ ಮಾತ್ರ ಬಾಗಿಲಿಗೆ ಹತ್ತಿರ.