ಎರಡೂ ಒಂದೇ ಬರ್ತಿದೆ ಎಂದಿದ್ದೆ

ಗಿರಿಜಾ, ಅಂದು ನಾನು ನಿಮಗೆ ಸುಳ್ಳು ಹೇಳಿದೆ. ಎರಡೂ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಫಲಿತಾಂಶ ಬಂದಿದೆ ಎಂದೆ. ಬಂದಿರಲಿಲ್ಲ — ಅದು ನನಗೆ ಗೊತ್ತಿತ್ತು.

ಆರು ವರ್ಷವಾಯಿತು. ವಿಜಯನಗರದ ಆ ಪುಟ್ಟ ಸಮೀಕ್ಷಾ ಕಚೇರಿಗೆ ಆಗ ನಾನು ಮುಖ್ಯಸ್ಥೆ. ನೀವು ಲಗ್ಗೆರೆಯ ಮನೆಮನೆಗೆ ಹೋಗಿ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರ ಮಾತನ್ನು ಬರೆದು ತರುತ್ತಿದ್ದವರು. ಕೆಲಸದ ನಡುವೆ ಶೌಚಾಲಯಕ್ಕೆ ಹೋಗಲು ಬಿಡುತ್ತಾರೆಯೇ ಎಂಬುದು ಪ್ರಶ್ನೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದಿರಿ. ಆ ಮಾತುಗಳನ್ನೆಲ್ಲ ‘ತೊಂದರೆ ಇದೆ’, ‘ತೊಂದರೆ ಇಲ್ಲ’ ಎಂದು ವಿಂಗಡಿಸಿ, ಎಣಿಸಿ, ಶೇಕಡಾವಾರು ಕೊಡಬೇಕಿತ್ತು. ಅದಕ್ಕೆ ಸಾಫ್ಟ್‌ವೇರ್ ಆರಿಸುವ ಹೊಣೆ ನನ್ನದು.

ಒಂದರಲ್ಲಿ ಪ್ರತಿ ಉತ್ತರವನ್ನೂ ನಾವೇ ಓದಿ ಗುರುತು ಹಾಕಬೇಕು, ವಾರಗಟ್ಟಲೆ ಹಿಡಿಯುತ್ತದೆ. ಇನ್ನೊಂದು ತಾನೇ ವಿಂಗಡಿಸುತ್ತಿತ್ತು. ಒಂದು ಮಧ್ಯಾಹ್ನ ಸಾಕು. ಎರಡನೆಯದನ್ನು ನೆಚ್ಚಿಕೊಂಡು, ಸಮೀಕ್ಷೆ ಮಾಡಿಸಿದ್ದ ಕಾರ್ಖಾನೆಗೆ ಶುಕ್ರವಾರವೇ ವರದಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಆಮೇಲೆ — ನೋಡಿ, ಆಮೇಲೆ — ನೂರು ಉತ್ತರಗಳನ್ನು ಎರಡರಲ್ಲೂ ಹಾಕಿ ಪರೀಕ್ಷಿಸಿದೆ.

‘ಏನೋ ಅಡ್ಜಸ್ಟ್ ಮಾಡ್ಕೊಂಡ್ ಹೋಗ್ತೀವಿ.’ ‘ನೀರು ಕುಡಿಯೋದೇ ಬಿಟ್ಬಿಟ್ಟಿದೀನಿ, ಈಗೇನೂ ತೊಂದ್ರೆ ಇಲ್ಲ.’ ತಾನೇ ವಿಂಗಡಿಸುವ ಯಂತ್ರ ಇಂಥವನ್ನೆಲ್ಲ ‘ತೊಂದರೆ ಇಲ್ಲ’ ಎಂಬ ಗುಂಪಿಗೆ ಸೇರಿಸಿತ್ತು. ನಾನೇ ಓದಿ ಗುರುತು ಹಾಕಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ತೊಂದರೆಯಲ್ಲಿದ್ದರು. ನಿಮ್ಮ ಹೆಜ್ಜೆ ಸದ್ದು ಕೇಳಿ ಎರಡರ ಲೆಕ್ಕವನ್ನೂ ಬರೆದಿದ್ದ ಹಾಳೆಯನ್ನು ಡ್ರಾಯರಿನೊಳಗೆ ತಳ್ಳಿದೆ.

“ಮೇಡಂ, ನೀವೇ ಓದಿ ನೋಡಿದ್ರಾ? ಅವ್ರು ಯಾವ್ದನ್ನೂ ನೇರವಾಗಿ ಹೇಳಲ್ಲ. ನಗ್ತಾ ನಗ್ತಾ ಹೇಳ್ತಾರೆ.”

“ನೋಡಿದೀನಿ ಗಿರಿಜಾ. ಎರಡೂ ಒಂದೇ ಬರ್ತಿದೆ.”

ನೀವು ನಂಬಿದಿರಿ.

ಬಹುಪಾಲು ಹೆಂಗಸರಿಗೆ ತೊಂದರೆ ಇಲ್ಲ ಎಂದು ನಾನು ಬರೆದ ಸಾಲನ್ನೇ ಕಾರ್ಖಾನೆಯವರು ನೋಟಿಸ್ ಬೋರ್ಡಿಗೆ ಹಚ್ಚಿದರು. ಹೆಚ್ಚುವರಿ ಬಿಡುವು ಕೊಡುವ ಯೋಚನೆ ಅಲ್ಲಿಗೇ ನಿಂತಿತು. ಮುಂದಿನ ಸಲ ನೀವು ಲಗ್ಗೆರೆಗೆ ಹೋದಾಗ, ಮೊದಲು ಒಳಗೆ ಕರೆದು ಕಾಫಿ ಕೊಟ್ಟಿದ್ದ ರತ್ನಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದರಂತೆ: “ನಾವ್ ಹೇಳಿದ್ದನ್ನ ನೀನು ಬರ್ಕೊಳ್ಳಲೇ ಇಲ್ವೇನಮ್ಮ?” ಇದನ್ನು ನನಗೆ ಹೇಳಿ, ನೀವೇ ಸೇರಿಸಿದಿರಿ: “ನಾನು ಬರ್ದಿದ್ರಲ್ಲೇ ಏನೋ ತಪ್ಪಾಗಿರ್ಬೇಕು ಮೇಡಂ.”

ಇಲ್ಲ ಎಂದಿದ್ದರೆ ಸಾಕಿತ್ತು. ನಾನು — “ಇರಬಹುದು” ಎಂದೆ.

ತಿಂಗಳು ತುಂಬುವ ಮೊದಲೇ ನೀವು ಕೆಲಸ ಬಿಟ್ಟಿರಿ.

ಗಡುವಿತ್ತು ಎನ್ನಲಾರೆ. ಯಂತ್ರಕ್ಕೆ ನಮ್ಮ ಹೆಂಗಸರ ಕನ್ನಡ ಅರ್ಥವಾಗಲಿಲ್ಲ ಎನ್ನಲೂ ಆರೆ — ನನಗೆ ಅರ್ಥವಾಗಿತ್ತಲ್ಲ. ಈ ತಿಂಗಳು ಕೂತು ಆ ಉತ್ತರಗಳನ್ನು ಒಂದೊಂದಾಗಿ ಓದಿ ಮುಗಿಸಿದೆ. ವರದಿ ತಪ್ಪು, ತಪ್ಪು ನನ್ನದು ಎಂದು ಬರೆದು, ಸಹಿ ಹಾಕಿ, ಕಾರ್ಖಾನೆಗೆ ಕಳಿಸಿದ್ದೇನೆ. ಅಲ್ಲಿಂದ ಇನ್ನೂ ಏನೂ ಬಂದಿಲ್ಲ. ಭಾನುವಾರ ರತ್ನಮ್ಮನವರಲ್ಲಿಗೆ ಹೋಗುತ್ತೇನೆ. ಗಿರಿಜಾ ಒಂದು ಮಾತನ್ನೂ ಬಿಡದೆ ಬರೆದಿದ್ದರು, ಅದನ್ನು ಅಳಿಸಿದವಳು ನಾನು ಎಂದು ಹೇಳಬೇಕು. ಅವರು ಏನೆಂದರೂ ನಿಂತು ಕೇಳಿಸಿಕೊಳ್ಳುತ್ತೇನೆ.